ನಡುವಿನ ಹೆಸರು

ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳು ಹಲವು. ಮನೆ, ಹೊಲ, ಬಟ್ಟೆ, ಪುಸ್ತಕ ಇವೆಲ್ಲವನ್ನೂ ಅವನು ಗಳಿಸಿಕೊಳ್ಳುತ್ತಾನೆ, ಇಲ್ಲವೇ ಬೇಡವೆಂದು ಬಿಟ್ಟುಬಿಡುತ್ತಾನೆ. ಹೆಸರೊಂದು ಮಾತ್ರ ಹಾಗಲ್ಲ. ಅವನಿಗೆ ಮಾತು ಬರುವುದಕ್ಕೆ ಮೊದಲೇ, ಅವನ ಒಪ್ಪಿಗೆಯನ್ನು ಕೇಳದೆಯೇ, ಬೇರೆಯವರು ಅದನ್ನು ಅವನಿಗೆ ಕೊಟ್ಟಿರುತ್ತಾರೆ. ಕೊಟ್ಟ ಮೇಲೆ ಅದನ್ನು ಅವನಿಗಿಂತ ಹೆಚ್ಚಾಗಿ ಬಳಸುವವರೂ ಬೇರೆಯವರೇ. ಆದರೂ ಜಾತ್ರೆಯ ಜನಸಂದಣಿಯ ನಡುವೆ ಯಾರಾದರೂ ಆ ಎರಡು ಮೂರು ಅಕ್ಷರಗಳನ್ನು ಉಚ್ಚರಿಸಿದರೆ ಸಾಕು, ಅವನು ತಟಕ್ಕನೆ ತಿರುಗಿ ನೋಡುತ್ತಾನೆ. ಅಷ್ಟರಮಟ್ಟಿಗೆ ಅದು ಅವನದಾಗಿಬಿಟ್ಟಿರುತ್ತದೆ.

ಮೂವತ್ತಕ್ಕೂ ಹೆಚ್ಚು ವರ್ಷ ಪ್ರತಿದಿನ ಬೆಳಗ್ಗೆ ಹಾಜರಿ ಪುಸ್ತಕವನ್ನು ತೆರೆದು ಹೆಸರುಗಳನ್ನು ಕೂಗಿದವನು ನಾನು. ಹಾಜರಿ ಪುಸ್ತಕವೂ ಓದಲು ಬರುವವರಿಗೆ ಒಂದು ಗ್ರಂಥವೇ. ಒಂದು ಊರಿನ ದೇವರು ಯಾವುದು, ನದಿ ಯಾವುದು, ಜನರು ಏನನ್ನು ಬಯಸಿದರು, ಯಾವುದಕ್ಕೆ ಹೆದರಿದರು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಡುತ್ತಿದ್ದರು. ತಿಪ್ಪೆಯಲ್ಲಿ ಬಿದ್ದದ್ದನ್ನು ಯಮನೂ ಮುಟ್ಟಲಾರನೆಂಬ ಆಸೆ ಅವರದು. ಹೆಣ್ಣುಮಕ್ಕಳ ಮೇಲೆ ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿ ಕಡೆಯವಳು ಸಾಕಮ್ಮ. ಪಾಪ, ತನ್ನ ಹೆಸರಿನ ಅರ್ಥವನ್ನು ತಿಳಿದ ದಿನ ಅವಳಿಗೆ ಏನನ್ನಿಸುತ್ತಿತ್ತೋ! ಹೆಸರಿಡುವವರು ಒಂದು ಗಳಿಗೆಯಲ್ಲಿ ಇಟ್ಟುಬಿಡುತ್ತಾರೆ. ಹೊರುವವರು ಜೀವಮಾನವಿಡೀ ಹೊರಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಆ ಪುಸ್ತಕದಲ್ಲಿ ಕಾಣುತ್ತಿದ್ದವರು ಅಜ್ಜಂದಿರು. ರಂಗಪ್ಪನೆಂಬ ಹುಡುಗನನ್ನು "ನಿನ್ನ ಅಜ್ಜನ ಹೆಸರೇನು?" ಎಂದು ಕೇಳಿದರೆ, "ರಂಗಪ್ಪ, ಸಾರ್" ಎಂಬ ಉತ್ತರ ಬರುತ್ತಿತ್ತು. ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವ ಪದ್ಧತಿ ನಮ್ಮಲ್ಲಿ ಬಹು ಹಳೆಯದು. ಕ್ರಿಸ್ತಪೂರ್ವ ಎರಡನೆಯ ಶತಮಾನದವನೆಂದು ಹೇಳಲಾಗುವ ಪತಂಜಲಿಯು ತನ್ನ ಮಹಾಭಾಷ್ಯದ ಆರಂಭದಲ್ಲಿಯೇ ಈ ವಿಷಯವನ್ನು ಎತ್ತುತ್ತಾನೆ. ಹುಟ್ಟಿದ ಮಗನಿಗೆ ಹತ್ತನೆಯ ದಿನ ಕಳೆದ ಮೇಲೆ ಹೆಸರಿಡಬೇಕು. ಅದು ಎರಡು ಅಥವಾ ನಾಲ್ಕು ಅಕ್ಷರಗಳದಾಗಿರಬೇಕು. ಮೂರು ತಲೆಮಾರಿನ ಹಿರಿಯರನ್ನು ಅನುಸರಿಸಿರಬೇಕು ಎಂಬ ಯಾಜ್ಞಿಕರ ಮಾತನ್ನು ಅವನು ಅಲ್ಲಿ ನೆನೆಯುತ್ತಾನೆ. ವ್ಯಾಕರಣವನ್ನು ಕಲಿಯದವನಿಗೆ ಮಗುವಿಗೆ ಹೆಸರಿಡುವುದಕ್ಕೂ ಬರುವುದಿಲ್ಲವೆಂಬುದು ಅವನ ವಾದ.

ನಮ್ಮ ನಾಡಿನ ಅರಸರನ್ನೇ ನೋಡಿ. ಬಾದಾಮಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದ ಸಂಗತಿಯನ್ನು ಕ್ರಿ.ಶ. 543ರ ಬಂಡೆಯ ಶಾಸನದಲ್ಲಿ ಬರೆಸಿದವನು ಮೊದಲನೆಯ ಪುಲಕೇಶಿ. ಐಹೊಳೆಯ 634ರ ಶಾಸನವು ಕೊಂಡಾಡುವ ಇಮ್ಮಡಿ ಪುಲಕೇಶಿಯು ಅವನ ಮೊಮ್ಮಗ. ನೆರೆಯ ತಮಿಳಿನಲ್ಲಿ ಮೊಮ್ಮಗನಿಗೆ 'ಪೇರನ್' ಎನ್ನುತ್ತಾರೆ. ನಮ್ಮ ಹಳಗನ್ನಡದ 'ಪೆಸರ್' ಶಬ್ದದ ಒಡಹುಟ್ಟಾದ 'ಪೆಯರ್' ಎಂಬುದರಿಂದ ಬಂದ ಮಾತು ಅದು. ಪೇರನ್ ಎಂದರೆ ಅಜ್ಜನ ಹೆಸರನ್ನು ಹೊತ್ತವನು. ಸಂಬಂಧದ ಹೆಸರೇ ಹೆಸರಿನ ಸಂಬಂಧದಿಂದ ಹುಟ್ಟಿದೆ!

ಈ ಪದ್ಧತಿಯಿಂದ ಮನೆಯೊಳಗೆ ಒಂದು ಸೊಗಸಾದ ತೊಡಕು ಉಂಟಾಗುತ್ತಿತ್ತು. ಹಿಂದಿನ ಕಾಲದ ಸೊಸೆಯು ಮಾವನ ಹೆಸರನ್ನು ಬಾಯಿಂದ ಉಚ್ಚರಿಸುವಂತಿರಲಿಲ್ಲ. ತನ್ನ ಮಗನಿಗೆ ಆ ಹೆಸರನ್ನೇ ಇಟ್ಟ ಮೇಲೆ ಅವಳು ಮಗುವನ್ನು ಕರೆಯುವುದು ಹೇಗೆ? ಅದಕ್ಕಾಗಿಯೇ ಪುಟ್ಟ, ಮರಿ, ಅಪ್ಪಯ್ಯ, ಅಣ್ಣಯ್ಯ ಮೊದಲಾದ ಕರೆಯುವ ಹೆಸರುಗಳು ಹುಟ್ಟಿಕೊಂಡವು. ಇಟ್ಟ ಹೆಸರು ಒಂದು, ಕರೆದ ಹೆಸರು ಇನ್ನೊಂದು. ಶಾಲೆಗೆ ಸೇರಿದ ಮೊದಲ ದಿನ ಉಪಾಧ್ಯಾಯರು ಹಾಜರಿ ಕೂಗಿದಾಗ, ಅದು ತನ್ನ ಹೆಸರೆಂದು ತಿಳಿಯದೆ ಸುಮ್ಮನೆ ಕುಳಿತಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ.

ಇನ್ನು ಹೆಸರಿನ ರೂಪವಂತೂ ನಮ್ಮ ನಾಡಿನಲ್ಲಿ ಒಂದೇ ಬಗೆಯಾಗಿಲ್ಲ. ಹಳೆಯ ಮೈಸೂರಿನ ಕಡೆ ಊರು ಮೊದಲು, ತಂದೆ ಆಮೇಲೆ, ತಾನು ಕಡೆಗೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನ ಮೊದಲಕ್ಷರಗಳೇ ಕೂಡಿ 'ಕುವೆಂಪು' ಆಯಿತು. ಒಂದು ಊರು, ಒಬ್ಬ ತಂದೆ, ಒಬ್ಬ ಮಗ ಮೂರಕ್ಷರಗಳಲ್ಲಿ ಸೇರಿಕೊಂಡರು. ಮಾಸ್ತಿಯವರಿಗಾದರೋ ಊರಿನ ಹೆಸರೇ ಅವರ ಹೆಸರಾಗಿ ನಿಂತಿತು. ಧಾರವಾಡದ ಕಡೆ ತಾನು ಮೊದಲು, ತಂದೆ ನಡುವೆ, ಮನೆತನ ಕಡೆಗೆ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಕೊಡಗಿನಲ್ಲಿ ಮನೆತನವೇ ಎಲ್ಲಕ್ಕಿಂತ ಮುಂದು. 1949ರಲ್ಲಿ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದವರು ಕೊಡಂದೇರ ಮಾದಪ್ಪ ಕಾರ್ಯಪ್ಪ.

ಮೇಲೆ ಹೇಳಿದ ಹೆಸರುಗಳನ್ನೆಲ್ಲ ಇನ್ನೊಮ್ಮೆ ಓದಿ ನೋಡಿ. ಊರು ಇದೆ, ಮನೆತನ ಇದೆ, ತಂದೆ ಇದ್ದಾನೆ. ತಾಯಿ ಎಲ್ಲಿ? ಪತಂಜಲಿ ಹೇಳಿದ ಮೂರು ತಲೆಮಾರಿನಲ್ಲಿಯೂ ಅವಳಿಲ್ಲ. ಅವಳನ್ನು ಹೆಸರಿನಲ್ಲಿ ಹೊತ್ತವರು ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. ಸಾವಿರದ ಒಂಬೈನೂರು ವರ್ಷಗಳಷ್ಟು ಹಿಂದೆ ದಖ್ಖನವನ್ನು ಆಳಿದ ಶಾತವಾಹನ ದೊರೆಯು ತನ್ನನ್ನು ಗೌತಮೀಪುತ್ರ ಶಾತಕರ್ಣಿ ಎಂದು ಕರೆದುಕೊಂಡನು. ಅವನ ತಾಯಿ ಗೌತಮೀ ಬಲಶ್ರೀ ಬರೆಸಿದ ಶಾಸನ ನಾಸಿಕದ ಗುಹೆಯಲ್ಲಿ ಇಂದಿಗೂ ಇದೆ. ನಮ್ಮ ಕಾಲಕ್ಕೆ ಹತ್ತಿರದವರಾದ ಬೇಂದ್ರೆಯವರು ಕವಿತೆಗೆ ಕುಳಿತಾಗ ತಂದೆಯ ಹೆಸರನ್ನೂ ಮನೆತನದ ಹೆಸರನ್ನೂ ಬದಿಗಿಟ್ಟು 'ಅಂಬಿಕಾತನಯದತ್ತ' ಎಂದರೆ ಅಂಬಿಕೆಯ ಮಗನಾದ ದತ್ತನೆಂದು ಸಹಿ ಹಾಕಿದರು. ಆದರೆ ಇವರು ಅರಸರು, ಕವಿಗಳು. ಸಾಮಾನ್ಯರ ಮನೆಯಲ್ಲಿ ಹೆಣ್ಣಿನ ಹೆಸರು ಏನಾಗುತ್ತಿತ್ತು? ಅದನ್ನು ನನ್ನ ತಾಯಿಯ ಸಂಗತಿಯಿಂದಲೇ ಹೇಳುತ್ತೇನೆ.

ನನ್ನ ತಾಯಿ ಹುಟ್ಟಿದ್ದು ತೀರ್ಥಹಳ್ಳಿಯ ಕಡೆ ತುಂಗಾನದಿಯ ದಡದ ಒಂದು ಹಳ್ಳಿಯಲ್ಲಿ. ಆ ನದಿಯ ಹೆಸರನ್ನೇ ಅವಳಿಗೆ ಇಟ್ಟಿದ್ದರು. 1954ರಲ್ಲಿ ಅವಳು ಮದುವೆಯಾಗಿ ನಮ್ಮ ಮನೆಗೆ ಬಂದಾಗ ಒಂದು ಪ್ರಶ್ನೆ ಎದ್ದಿತು. ನಮ್ಮ ಅಜ್ಜಿಯ ಹೆಸರೂ ತುಂಗಮ್ಮನೇ. ಅತ್ತೆಗೂ ಸೊಸೆಗೂ ಒಂದೇ ಹೆಸರಿದ್ದರೆ ನಡೆಯುವುದು ಹೇಗೆ? ಮಗನು ಹೆಂಡತಿಯನ್ನು ಕರೆಯಲು ಹೆತ್ತ ತಾಯಿಯ ಹೆಸರನ್ನು ಹಿಡಿದು ಕೂಗುವುದುಂಟೆ? ಹಿರಿಯರು ಕುಳಿತು ಆಲೋಚಿಸಿದರು. ಮದುವೆಯಲ್ಲಿ ವಧುವಿನ ಹೆಸರನ್ನು ಬದಲಿಸುವುದು ಆ ಕಾಲದಲ್ಲಿ ಹಲವು ಮನೆಗಳಲ್ಲಿದ್ದ ರೂಢಿಯೇ ಆಗಿತ್ತು. ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ ಉಂಗುರದಿಂದ ಹೊಸ ಹೆಸರನ್ನು ಬರೆದರು. ಅಂದಿನಿಂದ ಅವಳು ಸೀತಮ್ಮಳಾದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಅವಳೂ ಏನೂ ಹೇಳಲಿಲ್ಲ.

ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ, ನಮ್ಮ ತಂದೆ ತೀರಿಕೊಂಡ ಮೇಲೆ ಬಂದ ಕಾಗದಪತ್ರಗಳಲ್ಲಿ ಎಲ್ಲೆಲ್ಲಿಯೂ ಅವಳು ಸೀತಮ್ಮ. ನಾನು ಹುಡುಗನಾಗಿದ್ದಾಗ ಅವಳಿಗೆ ಇನ್ನೊಂದು ಹೆಸರಿದ್ದೀತೆಂಬುದೇ ನನಗೆ ತಿಳಿದಿರಲಿಲ್ಲ. ಪ್ರತಿವರ್ಷ ಗೌರಿಹಬ್ಬದ ಹೊತ್ತಿಗೆ ನನ್ನ ಸೋದರಮಾವ ತಂಗಿಗೆ ಬಾಗಿನ ಕೊಡಲು ಬರುತ್ತಿದ್ದ. ಅಂಗಳದಾಚೆಯ ದಣಪೆಯನ್ನು ಸರಿಸುತ್ತಿದ್ದಂತೆಯೇ "ತುಂಗೇ" ಎಂದು ಕೂಗುತ್ತಿದ್ದ. ಅಡಿಗೆಯ ಮನೆಯಲ್ಲಿ ಏನೇ ಕೆಲಸವಿರಲಿ, ಅಮ್ಮ ಅದನ್ನು ಅಲ್ಲಿಗೇ ಬಿಟ್ಟು, "ಅಣ್ಣಯ್ಯ ಬಂದ" ಎನ್ನುತ್ತ ಹೊರಗೆ ಓಡಿಬರುತ್ತಿದ್ದಳು. ಮೆಲ್ಲಗೆ ಮಾತನಾಡಿ ಮೆಲ್ಲಗೆ ನಡೆಯುತ್ತಿದ್ದ ಅಮ್ಮ ಓಡುವುದನ್ನು ನಾನು ನೋಡುತ್ತಿದ್ದುದು ವರ್ಷಕ್ಕೆ ಆ ಒಂದು ದಿನ. 1991ರಲ್ಲಿ ಸೋದರಮಾವ ತೀರಿಕೊಂಡ. ಅಮ್ಮ ಅವನ ನಂತರ ಹದಿನೆಂಟು ವರ್ಷ ಬದುಕಿದ್ದಳು. ಆ ಹದಿನೆಂಟು ವರ್ಷಗಳಲ್ಲಿ ಅವಳನ್ನು ಆ ಹೆಸರಿನಿಂದ ಕರೆದವರು ಯಾರೂ ಇಲ್ಲ.

ಆ ಹೆಸರು ಬರವಣಿಗೆಯಲ್ಲಿ ಉಳಿದದ್ದು ಒಂದೇ ಕಡೆ. ತವರಿನಿಂದ ಅವಳ ಜೊತೆಯಲ್ಲಿ ಬಂದ ಒಂದು ಹಿತ್ತಾಳೆಯ ಚೆಂಬಿನ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ 'ತುಂಗೆ' ಎಂದು ಕೊರೆದಿದೆ. ಮನೆಗೆ ಬಂದವರು ಅದನ್ನು ಅಜ್ಜಿಯ ಚೆಂಬೆಂದೇ ತಿಳಿಯುತ್ತಿದ್ದರು. ನನ್ನ ಮಗಳು ಅಕ್ಷರ ಕೂಡಿಸಿ ಓದಲು ಕಲಿತ ಹೊಸದರಲ್ಲಿ ಮನೆಯ ಪಾತ್ರೆಗಳ ಮೇಲಿನ ಹೆಸರುಗಳನ್ನೆಲ್ಲ ಓದುತ್ತ ಬಂದು, ಈ ಚೆಂಬನ್ನು ಹಿಡಿದುಕೊಂಡು "ಇದು ಯಾರಜ್ಜೀ?" ಎಂದು ಕೇಳಿದಳಂತೆ. ಅಮ್ಮ ನಕ್ಕು, "ಅದು ನಾನೇ ಕಣೇ" ಎಂದಳಂತೆ.

ಆ ಮಗಳು ಬೆಳೆದು ಧಾರವಾಡದ ಕಡೆಯ ಮನೆಗೆ ಸೊಸೆಯಾಗಿ ಹೋದಳು. ಎರಡು ವರ್ಷಗಳ ಹಿಂದೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಹೆಣ್ಣುಮಗುವನ್ನು ಹೆತ್ತಳು. ಜನನವನ್ನು 21 ದಿನಗಳೊಳಗೆ ತಿಳಿಸಬೇಕೆಂಬುದು 1969ರ ಜನನ ಮತ್ತು ಮರಣ ನೋಂದಣಿ ಕಾಯಿದೆಯನ್ನು ಅನುಸರಿಸಿ ಬಂದ ನಿಯಮ. ಆದರೆ ಆ ಹೊತ್ತಿಗೆ ಹೆಸರು ನಿಶ್ಚಯವಾಗಿರಲೇಬೇಕೆಂಬ ಬಲವಂತವಿಲ್ಲ. ಹೆಸರಿನ ಜಾಗವನ್ನು ಖಾಲಿ ಬಿಟ್ಟು ನೋಂದಾಯಿಸಿ, ವರ್ಷದೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಹೀಗೆ ಸರಕಾರವು ಕೊಟ್ಟ ಕಾಲಾವಕಾಶವನ್ನು ನಮ್ಮ ಎರಡು ಮನೆಯವರೂ ಚರ್ಚೆಗೆ ಚೆನ್ನಾಗಿಯೇ ಉಪಯೋಗಿಸಿಕೊಂಡೆವು.

ಮಗುವಿನ ಹೆಸರನ್ನು ಅದರ ತಂದೆತಾಯಿಗಳು ಆಗಲೇ ಆರಿಸಿಕೊಂಡಿದ್ದರು. ಅದು ಹೊಸ ಹೆಸರು, ಎರಡು ಮನೆಯಲ್ಲಿಯೂ ಹಿಂದೆ ಯಾರಿಗೂ ಇಲ್ಲದ್ದು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಕಡೆಯಲ್ಲಿ ಬರುವ ಮನೆತನದ ಹೆಸರಿಗೂ ತಕರಾರಿಲ್ಲ. ಉಳಿದದ್ದು ನಡುವಿನದು. ತೊಟ್ಟಿಲು ಶಾಸ್ತ್ರಕ್ಕೆಂದು ಬೀಗರು ಬಂದಿದ್ದ ದಿನ ಸಂಜೆ, ಎಲ್ಲರೂ ಜಗಲಿಯಲ್ಲಿ ಕುಳಿತಿದ್ದಾಗ ನನ್ನ ಮಗಳು ಹೇಳಿದಳು:

"ಅಪ್ಪಾ, ನಡುವಿನ ಹೆಸರು ಅಜ್ಜಿಯದಿರಲಿ."

"ಅಜ್ಜಿಯದೇ? ಸೀತಮ್ಮನೆಂದೇ?"

"ಅಲ್ಲ. ಚೆಂಬಿನ ಮೇಲಿರುವುದು."

ನನಗೆ ಕೂಡಲೇ ಮಾತು ಹೊರಡಲಿಲ್ಲ. ಆದರೆ ಬೀಗಿತಿಯವರು ಹಿಂದುಮುಂದು ನೋಡದೆ ತಮ್ಮ ಮಾತನ್ನು ಮುಂದಿಟ್ಟರು. "ನೋಡ್ರಿ ಮಾಸ್ತರ, ನಮ್ಮ ಕಡೆ ನಡುವ ಅಪ್ಪನ ಹೆಸರು ಬರತದರಿ. ಅದನ್ನ ತಗದರ ನಾಳೆ ಸಾಲ್ಯಾಗ ಈ ಕೂಸಿನ ಅಪ್ಪ ಯಾರು ಅಂತ ಕೇಳಂಗಿಲ್ಲೇನ್ರಿ?"

ಅವರ ಮಾತು ತಳ್ಳಿಹಾಕುವಂಥದಾಗಿರಲಿಲ್ಲ. ಅದರ ಹಿಂದೆ ಇದ್ದದ್ದು ಹಟವಲ್ಲ, ಮಗುವಿನ ಮೇಲಿನ ಕಾಳಜಿ. ಶಾಲೆಯ ದಾಖಲೆಯಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಜನರು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕಾಗುತ್ತದೆಂಬುದನ್ನು ಮಾಸ್ತರನಾದ ನಾನು ಬಲ್ಲೆ. ನನಗೆ ಇನ್ನೊಂದು ಅಳುಕೂ ಇತ್ತು. ಎರಡು ಕಡೆಯ ಅಜ್ಜಂದಿರ ಹೆಸರುಗಳನ್ನೂ ಒಟ್ಟಿಗೆ ಪಡೆದಿದ್ದ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಪಟ್ಟಿಯ ಅಂಕಣದಲ್ಲಿ ಅವನ ಹೆಸರು ಎಂದೂ ಪೂರ್ತಿಯಾಗಿ ಹಿಡಿಸಲಿಲ್ಲ. ಹಿರಿಯರಿಗೆ ಗೌರವ ಸಲ್ಲಿಸುವ ಉತ್ಸಾಹದಲ್ಲಿ ನಾವು ಎಳೆಯರ ತಲೆಯ ಮೇಲೆ ಮೂಟೆಯನ್ನು ಹೊರಿಸಬಾರದಷ್ಟೆ. ಅಗಲಿದವರ ನೆನಪು ನಮ್ಮ ಋಣ. ಇನ್ನೂ ಕಣ್ಣನ್ನೇ ನೆಟ್ಟಗೆ ಬಿಡದ ಕೂಸಿಗೆ ಆ ಸಾಲವನ್ನು ವರ್ಗಾಯಿಸುವುದು ನ್ಯಾಯವೇ?

ಇದನ್ನೇ ನಾನು ಮಗಳಿಗೆ ಹೇಳಿದೆ. ಅವಳ ಉತ್ತರ ಸಿದ್ಧವಾಗಿತ್ತು. "ಅದಕ್ಕೇ ಅಪ್ಪಾ, ನಡುವೆ ಇಡೋಣ ಎನ್ನುವುದು. ಕೂಗಿ ಕರೆಯುವ ಹೆಸರು ಅವಳದೇ ಆಗಿರಲಿ. ನಡುವಿನದು ಅವಳಿಗೆ ಬೇಕಾದಾಗ ತೆರೆದು ನೋಡುವುದಕ್ಕೆ ಇರಲಿ." ಹೀಗೆಂದು ಅವಳು ಜನನ ನೋಂದಣಿಯ ಕಾಗದವನ್ನು ತಂದು ಅತ್ತೆಯ ಮುಂದೆ ಹರಡಿದಳು. "ನೋಡಿ ಅತ್ತೆ, ಇಲ್ಲಿ ತಂದೆಯ ಹೆಸರಿಗೆ ಬೇರೆಯೇ ಜಾಗವಿದೆ, ತಾಯಿಯ ಹೆಸರಿಗೂ ಇದೆ. ಶಾಲೆಯಲ್ಲಿಯೂ ಹಾಗೆಯೇ. ಮುತ್ತಜ್ಜಿಗೆ ಜಾಗ ಯಾವ ಕಾಗದದಲ್ಲಿದೆ?"

ಬೀಗಿತಿಯವರು ಕಾಗದವನ್ನು ನೋಡುತ್ತ ಸುಮ್ಮನಾದರು. ಆಗ ಅದುವರೆಗೆ ಬಾಯಿ ತೆರೆಯದೆ ಕುಳಿತಿದ್ದ ನನ್ನ ಅಳಿಯ ಕೇಳಿದ: "ಅವ್ವಾ, ನಿನ್ನ ಹೆಸರೂ ಮದುವ್ಯಾಗ ಬದಲ ಮಾಡಿದ್ರಂತಲ್ಲ. ಮೊದಲಿನ ಹೆಸರು ಏನಿತ್ತು?"

ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಮೆಲ್ಲಗೆ ಒಂದು ಹೆಸರನ್ನು ಹೇಳಿದರು. ಮೂವತ್ತು ದಾಟಿದ ಅವರ ಮಗ ಆ ಹೆಸರನ್ನು ಕೇಳಿದ್ದು ಅಂದೇ ಮೊದಲು. "ನಲವತ್ತು ವರ್ಷ ಆತು ನೋಡ್ರಿ, ಇದನ್ನ ಯಾರೂ ಕೇಳಿದ್ದಿಲ್ಲ" ಎಂದು ಅವರು ನಗಲು ಯತ್ನಿಸಿದರು; ಕಣ್ಣು ಮಾತ್ರ ಒದ್ದೆಯಾಗಿತ್ತು. "ಆ ಹೆಸರನ್ನೂ ಸೇರಿಸೋಣ ಅತ್ತೆ" ಎಂದಳು ನನ್ನ ಮಗಳು. ಆಕೆ ಕೈಯಾಡಿಸಿ, "ಬ್ಯಾಡವಾ, ಕೂಸಿಗೆ ಭಾರ ಆಗತದ. ನನ್ನದು ಮುಂದಿನದಕ್ಕ ಇರಲಿ. ಇದಕ್ಕ ಆಕೀದ ಇಡ್ರಿ" ಎಂದರು.

ಮರುದಿನ ತೊಟ್ಟಿಲನ್ನು ಸಿಂಗರಿಸಿ, ಗುಗ್ಗರಿ ಹಂಚಿ, ಅವರ ಕಡೆಯ ಪದ್ಧತಿಯಂತೆ ಸೋದರತ್ತೆಯು ಮಗುವಿನ ಕಿವಿಯಲ್ಲಿ ಹೆಸರನ್ನು ಹೇಳಿದಳು. ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ನಮ್ಮ ಕಡೆಯ ಪದ್ಧತಿಯಂತೆ ನನ್ನ ಅಳಿಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರನ್ನು ಬರೆದ. ಒಂದು ಕಾಲದಲ್ಲಿ ಯಾವ ಬಗೆಯ ತಟ್ಟೆಯಲ್ಲಿ ತುಂಗೆ ಎಂಬ ಹೆಸರು ಅಳಿಸಿಹೋಗಿತ್ತೋ ಅಂಥದೇ ತಟ್ಟೆಯಲ್ಲಿ ಅದು ಮತ್ತೆ ಮೂಡಿತು. ಅದನ್ನು ನೋಡುತ್ತಿದ್ದಾಗ ನನಗೆ ಮತ್ತೊಂದು ವಿಷಯ ಹೊಳೆಯಿತು. ತುಂಗೆ ನನ್ನ ತಾಯಿಯ ಹೆಸರಷ್ಟೇ ಅಲ್ಲ. ನನ್ನ ಅಜ್ಜಿಯ ಹೆಸರೂ ಹೌದು. ಒಂದೇ ಮನೆಯಲ್ಲಿ ಇಬ್ಬರಿಗೆ ಜಾಗವಿಲ್ಲವೆಂದು ತೆಗೆದುಹಾಕಿದ ಹೆಸರು ಈಗ ಒಂದೇ ಕೂಸಿನ ಹೆಸರಿನಲ್ಲಿ ಅತ್ತೆ ಸೊಸೆಯರಿಬ್ಬರಿಗೂ ಜಾಗ ಮಾಡಿಕೊಟ್ಟಿತು.

ಕಾಲವೂ ಇದೇ ದಿಕ್ಕಿಗೆ ಹೊರಳುತ್ತಿರುವಂತೆ ತೋರುತ್ತದೆ. ತಂದೆಯು ತೀರಿಕೊಂಡ ಮಗುವಿನ ಮನೆತನದ ಹೆಸರನ್ನು ನಿರ್ಧರಿಸುವ ಹಕ್ಕು ತಾಯಿಗಿದೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು. ನೆರೆಯ ಮಹಾರಾಷ್ಟ್ರವು 2024ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಆ ವರ್ಷದ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಬರೆಯುವಾಗ ಮಗುವಿನ ಹೆಸರಾದ ಮೇಲೆ ತಾಯಿಯ ಹೆಸರು, ಅದರ ನಂತರ ತಂದೆಯ ಹೆಸರು, ಕಡೆಗೆ ಮನೆತನ ಬರಬೇಕೆಂದು ಅಲ್ಲಿನ ಸರಕಾರ ಗೊತ್ತುಮಾಡಿತು. ಬಹುಕಾಲ ತಂದೆಯೊಬ್ಬನೇ ಕುಳಿತಿದ್ದ ನಡುವಿನ ಮಣೆಯ ಮೇಲೆ ತಾಯಿಗೂ ಜಾಗವಾಯಿತು. ಆದರೆ ಕಾಯಿದೆಯು ತಾಯಿಯವರೆಗೆ ಮಾತ್ರ ಹೋಗಬಲ್ಲದು. ಅವಳ ತಾಯಿ, ಆ ತಾಯಿಯ ತಾಯಿ ಇವರನ್ನು ಹುಡುಕಿ ತರುವ ಕೆಲಸ ಮನೆಯವರದೇ.

ಹಿರಿಯರ ಹೆಸರನ್ನು ಎಲ್ಲರೂ ತಮ್ಮ ಮಕ್ಕಳಿಗೆ ಇಡಲೇಬೇಕೆಂದು ನಾನು ಹೇಳುವುದಿಲ್ಲ. ಹೊಸ ಹೆಸರುಗಳೂ ಚೆನ್ನಾಗಿಯೇ ಇರುತ್ತವೆ. ಹಳೆಯ ಹೆಸರುಗಳೆಲ್ಲವೂ ಒಂದು ಕಾಲದಲ್ಲಿ ಹೊಸವೇ ಅಲ್ಲವೆ? ಆದರೆ ಇಡುವುದಕ್ಕಾಗಲಿ ಬಿಡುವುದಕ್ಕಾಗಲಿ ಮೊದಲು ಅವು ನಮಗೆ ತಿಳಿದಿರಬೇಕು. ನಿಮ್ಮ ತಂದೆಯ ತಂದೆಯ ಹೆಸರನ್ನು ಕೇಳಿದರೆ ನೀವು ತಡೆಯದೆ ಹೇಳುವಿರಿ. ಅವರ ತಂದೆಯ ಹೆಸರನ್ನೂ ಕೆಲವರು ಹೇಳಬಲ್ಲಿರಿ. ಹೊಲದ ಪಹಣಿಯಲ್ಲಿಯೋ ಹಳೆಯ ಪತ್ರದಲ್ಲಿಯೋ ಅದು ಸಿಕ್ಕೀತು. ನಿಮ್ಮ ತಾಯಿಯ ತಾಯಿಯ ತಾಯಿಯ ಹೆಸರೇನು? ನಿಮ್ಮ ಅಜ್ಜಿಯನ್ನು ಅವಳ ತವರಿನಲ್ಲಿ ಏನೆಂದು ಕರೆಯುತ್ತಿದ್ದರು? ಇದು ಯಾವ ದಫ್ತರದಲ್ಲಿಯೂ ಬರೆದಿರುವುದಿಲ್ಲ. ಬಲ್ಲವರು ಮನೆಯಲ್ಲಿರುವಾಗಲೇ ಕೇಳಿ ತಿಳಿದುಕೊಳ್ಳಬೇಕು. ಇಂದು ಸಂಜೆ ಕೈಕಾಲು ತೊಳೆದು ಅಜ್ಜಿಯ ಪಕ್ಕದಲ್ಲಿ ಕುಳಿತು ಕೇಳಿ ನೋಡಿ. ಅವಳು ಮೊದಲು "ಅದೆಲ್ಲ ಈಗ ಯಾಕೆ?" ಎಂದಾಳು. ಸ್ವಲ್ಪ ಹೊತ್ತು ಕಾದರೆ ಹೇಳುತ್ತಾಳೆ. ಹೇಳಿದ್ದನ್ನು ನಿಮ್ಮ ಪುಸ್ತಕದಲ್ಲಿ ಅಂದವಾದ ಅಕ್ಷರಗಳಲ್ಲಿ ಬರೆದಿಡಿ.